ಬಡ ದೇಶವೊಂದು ಐರೋಪ್ಯ ಒಕ್ಕೂಟ ಸೇರಬೇಕೇ? ಮಾಲ್ಡೋವಾ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಕಡೆ ರೊಮೇನಿಯಾ, ಮೂರು ಕಡೆ ಉಕ್ರೇನ್. ನಡುವೆ ಸಮುದ್ರವಿಲ್ಲದ ಪುಟ್ಟ ದೇಶ ಮಾಲ್ಡೋವಾ. 2024ರ ಜನಗಣತಿಯಂತೆ ಅಲ್ಲಿ ವಾಸವಿರುವವರು ಸುಮಾರು 24 ಲಕ್ಷ. ಖರೀದಿ ಶಕ್ತಿಯ ಲೆಕ್ಕದಲ್ಲಿ ತಲಾ ಆದಾಯ ಒಕ್ಕೂಟದ ಸರಾಸರಿಯ ಅರ್ಧವನ್ನೂ ಮುಟ್ಟುವುದಿಲ್ಲ. ಬಡ ದೇಶ ಸಿರಿವಂತರ ಕೂಟಕ್ಕೆ ಸೇರಿದರೆ ಲಾಭವೋ ನಷ್ಟವೋ ಎಂಬ ಚರ್ಚೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಪ್ರಶ್ನೆಗಳನ್ನು ಜನ ಕೇಳುವ ಮಾತಿನಲ್ಲೇ ಇಟ್ಟಿದ್ದೇವೆ.

ಮಾಲ್ಡೋವಾ ಈಗಾಗಲೇ ಸೇರಿಬಿಟ್ಟಿದೆಯಲ್ಲವೇ?

ಇಲ್ಲ. ಜನ ಹಾಗೆಂದುಕೊಳ್ಳಲು ಕಾರಣವಿದೆ: ಬಯೋಮೆಟ್ರಿಕ್ ಪಾಸ್‌ಪೋರ್ಟ್ ಇರುವ ಮಾಲ್ಡೋವಾದವರು 2014ರ ಏಪ್ರಿಲ್ 28ರಿಂದ ವೀಸಾ ಇಲ್ಲದೆ 180 ದಿನಗಳಲ್ಲಿ 90 ದಿನ ಷೆಂಗೆನ್ ದೇಶಗಳಲ್ಲಿ (ತಮ್ಮ ನಡುವಿನ ಗಡಿಯಲ್ಲಿ ಪಾಸ್‌ಪೋರ್ಟ್ ತಪಾಸಣೆ ತೆಗೆದುಹಾಕಿದ ಯುರೋಪಿನ ದೇಶಗಳು) ಓಡಾಡಬಹುದು. ಅದೇ ವರ್ಷದ ಜೂನ್ 27ರಂದು ಸಹಯೋಗ ಒಪ್ಪಂದಕ್ಕೆ ಸಹಿ ಬಿತ್ತು. 2016ರ ಜುಲೈ 1ರಿಂದ ಅದು ಪೂರ್ಣವಾಗಿ ಜಾರಿಯಲ್ಲಿದೆ. ಸುಂಕವಿಲ್ಲದ ವ್ಯಾಪಾರದ ದೊಡ್ಡ ಭಾಗ ಆ ಒಪ್ಪಂದದಲ್ಲೇ ಸಿಕ್ಕಿದೆ.

ಸದಸ್ಯತ್ವದ ಅರ್ಜಿ ಹೋದದ್ದು 2022ರ ಮಾರ್ಚ್ 3ರಂದು, ಉಕ್ರೇನ್ ಮೇಲೆ ರಷ್ಯಾ ಪೂರ್ಣ ಪ್ರಮಾಣದ ದಾಳಿ ಶುರುಮಾಡಿದ ಮರುವಾರವೇ. ಜೂನ್ 23ಕ್ಕೆ ಅಭ್ಯರ್ಥಿ ದೇಶದ ಸ್ಥಾನ ಬಂತು, 2024ರ ಜೂನ್ 25ರಂದು ಮಾತುಕತೆ ವಿಧ್ಯುಕ್ತವಾಗಿ ಆರಂಭವಾಯಿತು. ದೇಶದ ಕಾನೂನನ್ನು ಒಕ್ಕೂಟದ ಕಾನೂನಿನ ಪಕ್ಕದಲ್ಲಿಟ್ಟು ತಾಳೆ ನೋಡುವ ಕೆಲಸ 2025ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಅಲ್ಲಿಗೆ ಗಾಡಿ ನಿಂತಿತು: 2025ರ ಕೊನೆಯವರೆಗೂ ಮಾತುಕತೆಯ ವಿಷಯಗಳನ್ನು ಕಟ್ಟಿಟ್ಟ ಒಂದೇ ಒಂದು ಅಧ್ಯಾಯ ಗುಚ್ಛ ತೆರೆದಿರಲಿಲ್ಲ. ಮಾಲ್ಡೋವಾದ್ದು ತಪ್ಪೇನೂ ಇರಲಿಲ್ಲ. ಒಕ್ಕೂಟ ಉಕ್ರೇನ್ ಮತ್ತು ಮಾಲ್ಡೋವಾವನ್ನು ಜೋಡೆತ್ತಿನಂತೆ ನಡೆಸುತ್ತ ಬಂದಿತ್ತು. ಉಕ್ರೇನ್‌ಗೆ ಹಂಗೇರಿ ಅಡ್ಡ ನಿಂತಾಗ ಮಾಲ್ಡೋವಾವೂ ನಿಂತಿತು.

ಸುತ್ತುಬಳಸದೆ ಹೇಳಿ: ಸೇರಬೇಕೇ, ಬೇಡವೇ?

ಸೇರಬೇಕು. ಆದರೆ ‘ಬ್ರಸೆಲ್ಸ್ (ಒಕ್ಕೂಟದ ಕೇಂದ್ರ ಕಚೇರಿ ಇರುವ ಊರು) ದುಡ್ಡು ಕೊಡುತ್ತದೆ’ ಎಂಬ ಕಾರಣಕ್ಕಲ್ಲ. ದುಡ್ಡು ಬರುತ್ತದೆ, ನಿಧಾನವಾಗಿ ಬರುತ್ತದೆ, ಷರತ್ತಿನ ಮೇಲೆ ಬರುತ್ತದೆ, ಬಳಸಲು ಬಾರದವರಿಂದ ವಾಪಸ್ಸೂ ಹೋಗುತ್ತದೆ. ಬಡ ದೇಶಕ್ಕೆ ಸಿಗುವ ನಿಜವಾದ ಲಾಭ ಎರಡು. ಯಾವ ನೆರೆಯವನೂ ರಾಜಕೀಯ ಸಿಟ್ಟಿಗೆ ಬಾಗಿಲು ಹಾಕಲಾಗದ ಮಾರುಕಟ್ಟೆ ಒಂದು. ಚುನಾವಣೆ ಗೆದ್ದವರು ರಾತ್ರೋರಾತ್ರಿ ತಿರುಚಲಾಗದ ನಿಯಮ ಇನ್ನೊಂದು. ಇದಕ್ಕೆ ತೆರುವ ಬೆಲೆ ದೇಶದ ಮೇಲೆ ಸಮನಾಗಿ ಬೀಳುವುದಿಲ್ಲ. ಎರಡು ಹಸು ಕಟ್ಟಿಕೊಂಡ ಮುದುಕಿ, ಸಣ್ಣ ಕಸಾಯಿಖಾನೆಯ ಮಾಲೀಕ, ಹಳ್ಳಿಯ ನೀರು ಸರಬರಾಜು ನೋಡುವ ಪಂಚಾಯಿತಿ ಇವರ ತಲೆಗೆ ಮೊದಲು ಬೀಳುತ್ತದೆ. ಹಾಗಾಗಿ ಮಾತುಕತೆಯ ಮೇಜಿನಲ್ಲಿ ಕೂತವರು ಈ ಜನಕ್ಕೆ ಎಷ್ಟು ವರ್ಷದ ಕಾಲಾವಕಾಶ ಗಿಟ್ಟಿಸುತ್ತಾರೆ ಎಂಬುದರ ಮೇಲೆ ಕಣ್ಣಿಡಬೇಕು.

ರಷ್ಯಾದ ಮಾರುಕಟ್ಟೆ ಹತ್ತಿರವಿತ್ತಲ್ಲ, ಅದನ್ನೇಕೆ ಬಿಡಬೇಕು?

ಬಿಟ್ಟದ್ದು ಮಾಲ್ಡೋವಾ ಅಲ್ಲ. 2006ರಲ್ಲಿ ರಷ್ಯಾ ಮಾಲ್ಡೋವಾದ ವೈನ್ ಆಮದನ್ನು ನಿಷೇಧಿಸಿತು; ಕೊಟ್ಟ ಕಾರಣ ಆರೋಗ್ಯ. ಆಗ ವೈನ್ ರಫ್ತಿನ ಬಹುಪಾಲು ಅಲ್ಲಿಗೇ ಹೋಗುತ್ತಿತ್ತು, ಪೆಟ್ಟು ತಡೆಯಲಾಗದಷ್ಟಿತ್ತು. 2013ರಲ್ಲಿ ಮತ್ತೆ ವೈನ್‌ಗೆ ತಡೆ, 2014ರಲ್ಲಿ ಸಹಯೋಗ ಒಪ್ಪಂದಕ್ಕೆ ಸಹಿ ಬಿದ್ದ ಮರುತಿಂಗಳೇ ಹಣ್ಣಿಗೆ ತಡೆ. ಗಿರಾಕಿ ಒಬ್ಬನೇ ಇದ್ದರೆ ಬೆಲೆ ಹೇಳುವವನೂ ಅವನೇ, ಅಂಗಡಿ ಮುಚ್ಚಿಸುವವನೂ ಅವನೇ.

ಈಗ ರಫ್ತಿನ ಸುಮಾರು ಮೂರನೇ ಎರಡು ಭಾಗ ಒಕ್ಕೂಟಕ್ಕೆ ಹೋಗುತ್ತದೆ. ಆದರೂ ಸದಸ್ಯತ್ವ ಇಲ್ಲದಿದ್ದರೆ ಕೆಲವು ಸರಕಿಗೆ ಕೋಟಾದ ಗೋಡೆ ಇದ್ದೇ ಇರುತ್ತದೆ. 2022ರ ಜುಲೈನಲ್ಲಿ ಒಕ್ಕೂಟ ಪ್ಲಮ್, ತಿನ್ನುವ ದ್ರಾಕ್ಷಿ, ಸೇಬು, ಟೊಮೆಟೊ, ಬೆಳ್ಳುಳ್ಳಿ, ಚೆರ್ರಿ, ದ್ರಾಕ್ಷಿ ರಸ ಈ ಏಳಕ್ಕೆ ತಾತ್ಕಾಲಿಕವಾಗಿ ಕೋಟಾ ಸಡಿಲಿಸಿತು. ‘ತಾತ್ಕಾಲಿಕ’ ಎಂಬ ಪದವನ್ನು ನಂಬಿ ಯಾರೂ ಪ್ಲಮ್ ತೋಟ ಹಾಕುವುದಿಲ್ಲ. ಗಿಡ ಪೂರ್ಣ ಫಸಲಿಗೆ ಬರಲು ವರ್ಷಗಳೇ ಬೇಕು. ಹೂಡಿಕೆಗೆ ಬೇಕಾದ ಖಾತರಿ ಸದಸ್ಯತ್ವದಲ್ಲಿದೆ.

ಒಂದು ಎಚ್ಚರ. ಒಕ್ಕೂಟ ಸುಂಕದ ವಿಷಯದಲ್ಲಿ ಒಂದೇ ಮನೆ. ಸೇರುವ ದಿನ ಮಾಲ್ಡೋವಾ ಹಳೆಯ ಸೋವಿಯತ್ ಗಣರಾಜ್ಯಗಳ ಜೊತೆ ಮಾಡಿಕೊಂಡ ಮುಕ್ತ ವ್ಯಾಪಾರ ಒಪ್ಪಂದಗಳನ್ನು ಕೈಬಿಡಬೇಕು. ಎರಡು ದೋಣಿಯ ಮೇಲೆ ಕಾಲಿಡಲು ಕಾನೂನಿನಲ್ಲೇ ಜಾಗವಿಲ್ಲ.

ಸೇರುವ ವಿಧಾನ ಹೇಗೆ? ಎಲ್ಲಿ ಕೆಡುತ್ತದೆ?

ಒಕ್ಕೂಟದ ಒಪ್ಪಂದದ 49ನೇ ವಿಧಿ ಬಾಗಿಲು, 1993ರ ಕೋಪನ್‌ಹೇಗನ್ ಮಾನದಂಡಗಳು ಹೊಸ್ತಿಲು: ಪ್ರಜಾಪ್ರಭುತ್ವ ಮತ್ತು ಕಾನೂನಿನ ಆಡಳಿತ, ಪೈಪೋಟಿ ತಡೆದುಕೊಳ್ಳುವ ಮಾರುಕಟ್ಟೆ, ಒಕ್ಕೂಟದ ಕಾನೂನನ್ನು ಜಾರಿ ಮಾಡುವ ಶಕ್ತಿ. ಕಾನೂನಿನ ರಾಶಿಯನ್ನು 35 ಅಧ್ಯಾಯಗಳಾಗಿ ಒಡೆದಿದ್ದಾರೆ, ಅವುಗಳಲ್ಲಿ 33ನ್ನು ಆರು ಗುಚ್ಛಗಳಲ್ಲಿ ಕಟ್ಟಿದ್ದಾರೆ. ಮೂಲಭೂತ ವಿಷಯಗಳ ಗುಚ್ಛ ಎಲ್ಲಕ್ಕಿಂತ ಮೊದಲು ತೆರೆಯುತ್ತದೆ, ಎಲ್ಲಕ್ಕಿಂತ ಕೊನೆಗೆ ಮುಚ್ಚುತ್ತದೆ. ಅದರೊಳಗಿನ 23 (ನ್ಯಾಯಾಂಗ, ಮೂಲಭೂತ ಹಕ್ಕು) ಮತ್ತು 24 (ಪೊಲೀಸ್, ಗಡಿ, ಆಂತರಿಕ ಭದ್ರತೆ) ಕುಂಟಿದರೆ ಉಳಿದೆಲ್ಲವೂ ಕುಂಟುತ್ತದೆ.

ಎಲ್ಲವೂ ಮುಗಿದ ಮೇಲೆ ಸೇರ್ಪಡೆ ಒಪ್ಪಂದ. ಅದಕ್ಕೆ ಐರೋಪ್ಯ ಸಂಸತ್ತಿನ ಒಪ್ಪಿಗೆ ಬೇಕು, ಆಮೇಲೆ ಪ್ರತಿಯೊಂದು ಸದಸ್ಯ ದೇಶವೂ ತನ್ನ ಪದ್ಧತಿಯಂತೆ ಅನುಮೋದಿಸಬೇಕು. ಗುಚ್ಛ ತೆರೆಯುವುದಕ್ಕೂ ಅಧ್ಯಾಯ ಮುಚ್ಚುವುದಕ್ಕೂ 27 ದೇಶಗಳ ಸರ್ವಾನುಮತ ಬೇಕು. ಕೆಡುವುದು ಇಲ್ಲೇ. ಉತ್ತರ ಮ್ಯಾಸಿಡೋನಿಯಾ 2005ರಲ್ಲೇ ಅಭ್ಯರ್ಥಿಯಾಯಿತು. ಗ್ರೀಸ್‌ನ ತಕರಾರು ತೀರಿಸಲು 2019ರಲ್ಲಿ ದೇಶದ ಹೆಸರನ್ನೇ ಬದಲಿಸಿಕೊಂಡಿತು. ಅಷ್ಟರಲ್ಲಿ ಇತಿಹಾಸ ಮತ್ತು ಭಾಷೆಯ ಜಗಳ ತೆಗೆದು ಬಲ್ಗೇರಿಯಾ ತಡೆಹಾಕಿತು. ಟರ್ಕಿ 1987ರಲ್ಲಿ ಅರ್ಜಿ ಹಾಕಿ ಇನ್ನೂ ಹೊರಗೇ ಇದೆ. ಮಾಂಟೆನೆಗ್ರೊ ಮಾತುಕತೆ ಶುರುಮಾಡಿದ್ದು 2012ರಲ್ಲಿ. ಕೊನೆಯದಾಗಿ ಒಳಬಂದ ದೇಶ ಕ್ರೊಯೇಷಿಯಾ, 2013ರ ಜುಲೈ 1ರಂದು.

ಮಾಲ್ಡೋವಾ ಸರ್ಕಾರ 2028ಕ್ಕೆ ಮಾತುಕತೆ ಮುಗಿಸುವ ಗುರಿ ಹಾಕಿಕೊಂಡಿದೆ. ಗುರಿ ಇರಲಿ, ಆದರೆ ಮತದಾರರಿಗೆ ಇಸವಿ ಕೊಟ್ಟು ಮಾತು ಕೊಡುವುದು ಅಪಾಯ. ದಿನಾಂಕ ತಪ್ಪಿದಾಗ ಬೈಗುಳ ಬೀಳುವುದು ತಡೆಹಾಕಿದ ದೇಶಕ್ಕಲ್ಲ, ಮನೆಯ ಸರ್ಕಾರಕ್ಕೆ.

ಜನರಿಗೆ ಬೇಕಾಗಿದೆಯೇ?

ಕೂದಲೆಳೆಯಷ್ಟು. ಒಕ್ಕೂಟ ಸೇರುವ ಗುರಿಯನ್ನು ಸಂವಿಧಾನದಲ್ಲಿ ಬರೆಯಬೇಕೇ ಎಂದು 2024ರ ಅಕ್ಟೋಬರ್ 20ರಂದು ಜನಮತಗಣನೆ ನಡೆಯಿತು. ‘ಹೌದು’ ಶೇ 50.35, ಅಂತರ ಸುಮಾರು 10,500 ಮತ. ದೇಶದೊಳಗಿನ ಮತ ಮಾತ್ರ ಎಣಿಸಿದ್ದರೆ ‘ಬೇಡ’ ಗೆಲ್ಲುತ್ತಿತ್ತು. ಹೊರದೇಶಗಳಲ್ಲಿ ದುಡಿಯುವವರ ಮತ ಫಲಿತಾಂಶವನ್ನು ತಿರುಗಿಸಿತು. ಟರ್ಕಿಕ್ ಮೂಲದ ಭಾಷೆಯಾಡುವ ಗಗೌಜರ ಸ್ವಾಯತ್ತ ಪ್ರದೇಶದಲ್ಲಿ ಸುಮಾರು ಶೇ 95ರಷ್ಟು ‘ಬೇಡ’ ಎಂದರು. ರಷ್ಯಾದಿಂದ ಹಣ ಹರಿಸಿ ಮತ ಖರೀದಿ ನಡೆದಿದೆ ಎಂದು ಪೊಲೀಸರು ಹೇಳಿದರು, ಅದಕ್ಕೆ ಆಧಾರಗಳೂ ಇದ್ದವು. ಆದರೆ ಎಲ್ಲ ‘ಬೇಡ’ವನ್ನೂ ಆ ಲೆಕ್ಕಕ್ಕೆ ಜಮೆ ಮಾಡುವುದು ತಪ್ಪು. ಬೆಲೆ ಏರಿಕೆಯಿಂದ ಬಸವಳಿದವರೂ, ಮಕ್ಕಳನ್ನು ಇಟಲಿಗೆ ಕಳಿಸಿ ಒಂಟಿಯಾದವರೂ ಅದರಲ್ಲಿದ್ದಾರೆ.

2025ರ ಸೆಪ್ಟೆಂಬರ್ 28ರ ಸಂಸತ್ ಚುನಾವಣೆಯಲ್ಲಿ ಅಧ್ಯಕ್ಷೆ ಮಾಯಾ ಸಂದು ಅವರ ಬೆನ್ನಿಗಿರುವ ಪಕ್ಷ 101ರಲ್ಲಿ 55 ಸ್ಥಾನ ಗೆದ್ದಿತು. ಸದ್ಯಕ್ಕೆ ದಾರಿ ಒಕ್ಕೂಟದ ಕಡೆಗೇ.

ಒಕ್ಕೂಟಕ್ಕೆ ಎಷ್ಟು ಕಟ್ಟಬೇಕು, ಎಷ್ಟು ಬರುತ್ತದೆ?

ಕಟ್ಟುವುದು ನಾಲ್ಕು ಬಾಬಿನಲ್ಲಿ. ಹೊರದೇಶದ ಸರಕಿನ ಮೇಲೆ ವಸೂಲಾದ ಆಮದು ಸುಂಕದಲ್ಲಿ ಶೇ 75 ಒಕ್ಕೂಟಕ್ಕೆ, ಶೇ 25 ವಸೂಲಿ ಖರ್ಚಿಗೆಂದು ದೇಶಕ್ಕೆ. ವ್ಯಾಟ್ ಆಧಾರದ ಮೇಲೆ ಶೇ 0.3. ಮರುಬಳಕೆಯಾಗದ ಪ್ಲಾಸ್ಟಿಕ್ ಪ್ಯಾಕಿಂಗ್‌ಗೆ ಕಿಲೋಗೆ 0.80 ಯೂರೋ. ಉಳಿದದ್ದು ರಾಷ್ಟ್ರೀಯ ಆದಾಯಕ್ಕೆ ತಕ್ಕಂತೆ. ಒಕ್ಕೂಟದ ಇಡೀ ಬಜೆಟ್ ಸದಸ್ಯರ ಒಟ್ಟು ಆದಾಯದ ಸುಮಾರು ಶೇ 1. ಕೇಂದ್ರಕ್ಕೆ ಹೋಗುವ ತೆರಿಗೆ, ಅಲ್ಲಿಂದ ಮರಳುವ ಪಾಲು ಎಂದು ಬಜೆಟ್ ಸಮಯದಲ್ಲಿ ನಮ್ಮಲ್ಲಿ ಕಾವೇರುವ ಚರ್ಚೆಯನ್ನು ಇಲ್ಲಿಗೆ ಹೊಂದಿಸಲು ಹೋಗಬೇಡಿ. ಬ್ರಸೆಲ್ಸ್‌ಗೆ ಆದಾಯ ತೆರಿಗೆಯೂ ಇಲ್ಲ, ಜಿಎಸ್‌ಟಿಯೂ ಇಲ್ಲ.

ಬರುವ ಲೆಕ್ಕದಲ್ಲಿ ಹಿಂದುಳಿದ ಪ್ರದೇಶಗಳ ನಿಧಿ ದೊಡ್ಡದು. 2021–27ರ ನಿಯಮದಂತೆ ಅತಿ ಬಡ ಸದಸ್ಯ ದೇಶಕ್ಕೂ ಇದು ಜಿಡಿಪಿಯ ಶೇ 2.3 ಮೀರುವಂತಿಲ್ಲ. ಯೋಜನೆಯ ವೆಚ್ಚದಲ್ಲಿ ಶೇ 85ರವರೆಗೆ ಒಕ್ಕೂಟ ಕೊಟ್ಟರೆ ಉಳಿದ ಶೇ 15 ದೇಶದ ಖಜಾನೆಯಿಂದ ಬರಬೇಕು. ಇದರ ಮೇಲೆ ಕೃಷಿ ನೆರವು. ಅದು ಮೊದಲ ವರ್ಷವೇ ಪೂರ್ತಿ ಸಿಗುವುದಿಲ್ಲ: 2007ರಲ್ಲಿ ಸೇರಿದ ರೊಮೇನಿಯಾ, ಬಲ್ಗೇರಿಯಾದ ರೈತರಿಗೆ ಆರಂಭದಲ್ಲಿ ಸಿಕ್ಕಿದ್ದು ಹಳೆಯ ಸದಸ್ಯರ ಮಟ್ಟದ ಶೇ 25, ಶೇ 100 ತಲುಪಿದ್ದು 2016ರಲ್ಲಿ. ಮಾಲ್ಡೋವಾದ ರೈತರಿಗೂ ಇಂಥದ್ದೇ ಏಣಿ ಇರುತ್ತದೆ ಎಂದುಕೊಂಡು ಲೆಕ್ಕ ಹಾಕುವುದು ಕ್ಷೇಮ.

ಮೊದಲ ವರ್ಷದ ಬಲೆ ಇರುವುದು ಇಲ್ಲೇ. ಕಟ್ಟುವ ದುಡ್ಡು ಮೊದಲ ತಿಂಗಳಿಂದ ಪೂರ್ತಿ ಹೋಗುತ್ತದೆ, ಬರುವ ದುಡ್ಡು ಟೆಂಡರ್, ಕಾಮಗಾರಿ, ಬಿಲ್ಲು, ತನಿಖೆ ಎಲ್ಲ ಮುಗಿದ ಮೇಲೆ ಬರುತ್ತದೆ. ಈ ಅಂತರ ತುಂಬಲು ರೊಮೇನಿಯಾ, ಬಲ್ಗೇರಿಯಾ 2007–09ಕ್ಕೆ ಪ್ರತ್ಯೇಕ ನಗದು ಸೌಲಭ್ಯ ಕೇಳಿ ಪಡೆದವು. ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ.

ಕೊಟ್ಟ ದುಡ್ಡು ವಾಪಸ್ ಹೋಗುತ್ತದೆ ಎಂದಿರಿ, ಹೇಗೆ?

ಮೂರು ದಾರಿಯಲ್ಲಿ. ಈಗಿನ ಅವಧಿಯಲ್ಲಿ ಒಂದು ವರ್ಷಕ್ಕೆ ಹಂಚಿದ ಮೊತ್ತವನ್ನು ಮುಂದಿನ ಮೂರು ವರ್ಷದೊಳಗೆ ಖರ್ಚುಮಾಡಿ ಲೆಕ್ಕ ತೋರಿಸದಿದ್ದರೆ ಅದು ರದ್ದು. ಟೆಂಡರ್‌ನಲ್ಲಿ ತಪ್ಪು ಸಿಕ್ಕಿದರೆ ದಂಡದಂತೆ ಕಡಿತ: ತಪ್ಪಿನ ತೂಕ ನೋಡಿ ಗುತ್ತಿಗೆಯ ಶೇ 5, 10, 25 ಅಥವಾ ಪೂರ್ತಿ 100. ಮಿತಿಗಿಂತ ಕೆಳಗಿಳಿಸಲು ಒಂದು ಕಾಮಗಾರಿಯನ್ನು ನಾಲ್ಕು ತುಂಡು ಮಾಡುವುದು, ಒಬ್ಬನೇ ಗುತ್ತಿಗೆದಾರನಿಗೆ ಹೊಂದುವಂತೆ ಅರ್ಹತೆಯ ಷರತ್ತು ಬರೆಯುವುದು, ಕೆಲಸ ಶುರುವಾದ ಮೇಲೆ ಹೆಚ್ಚುವರಿ ಕಾಮಗಾರಿಯನ್ನು ಟೆಂಡರ್ ಇಲ್ಲದೆ ಸೇರಿಸುವುದು ಹೆಚ್ಚಾಗಿ ಸಿಕ್ಕಿಬೀಳುವ ತಪ್ಪುಗಳು. ಲೋಕೋಪಯೋಗಿ ಇಲಾಖೆಯ ಬಗ್ಗೆ ಗೊತ್ತಿರುವ ಯಾರಿಗೂ ಇವು ಹೊಸವಲ್ಲ.

ಮೂರನೆಯದು ಭ್ರಷ್ಟಾಚಾರ. 2008ರ ನವೆಂಬರ್‌ನಲ್ಲಿ ಬಲ್ಗೇರಿಯಾ 22 ಕೋಟಿ ಯೂರೋವನ್ನು ಶಾಶ್ವತವಾಗಿ ಕಳೆದುಕೊಂಡಿತು. ಹಣ ನಿಭಾಯಿಸುವ ಅಲ್ಲಿನ ಕಚೇರಿಗಳನ್ನೇ ಒಕ್ಕೂಟದ ಆಡಳಿತ ನಡೆಸುವ ಐರೋಪ್ಯ ಆಯೋಗ ನಂಬಲಿಲ್ಲ. ರೊಮೇನಿಯಾದ ಕಥೆ ಬೇರೆ: ಕದ್ದದ್ದಕ್ಕಿಂತ ಬಳಸಲಾಗದೆ ಹೋದದ್ದು ಹೆಚ್ಚು. 2007–13ರ ಅವಧಿಯ ಮೊದಲ ಐದು ವರ್ಷಗಳಲ್ಲಿ ಅದು ಖರ್ಚಿನ ಲೆಕ್ಕ ಒಪ್ಪಿಸಿ ಪಡೆದದ್ದು ತನ್ನ ಪಾಲಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಅಂದಾಜು ಪಟ್ಟಿ ತಯಾರಿಸುವ ಎಂಜಿನಿಯರ್, ಟೆಂಡರ್ ದಾಖಲೆ ಬರೆಯಬಲ್ಲ ಗುಮಾಸ್ತ, ಲೆಕ್ಕ ತಪಾಸಕ ಇಷ್ಟೂ ಜನ ಪುರಸಭೆಗಳಲ್ಲಿ ಇರಲಿಲ್ಲ. ಇದ್ದವರೂ ಹೆಚ್ಚಿನ ಸಂಬಳಕ್ಕೆ ಹೊರಟುಹೋಗುತ್ತಿದ್ದರು.

ಮಾಲ್ಡೋವಾಕ್ಕೆ ಈಗ ಪೂರ್ವಾಭ್ಯಾಸದ ಅವಕಾಶ ಸಿಕ್ಕಿದೆ. 2025–27ಕ್ಕೆ ಸುಮಾರು 190 ಕೋಟಿ ಯೂರೋದ ಸುಧಾರಣೆ ಮತ್ತು ಬೆಳವಣಿಗೆ ನಿಧಿ ಮಂಜೂರಾಗಿದೆ. ಇದರಲ್ಲಿ ಹೆಚ್ಚಿನ ಪಾಲು ಕಡಿಮೆ ಬಡ್ಡಿಯ ಸಾಲ, ಉಳಿದದ್ದು ಅನುದಾನ. ಶೇ 18 ಮುಂಗಡ. ಮಿಕ್ಕಿದ್ದು ಒಪ್ಪಿಕೊಂಡ ಸುಧಾರಣೆ ಮುಗಿದಂತೆ ಕಂತಿನಲ್ಲಿ. ಸಾಲವನ್ನು ಅನುದಾನವೆಂದು ಭಾಷಣಗಳಲ್ಲಿ ಹೇಳುವುದನ್ನು ನಿಲ್ಲಿಸಿದರೆ ಒಳ್ಳೆಯದು.

ಸಣ್ಣ ರೈತರ ಗತಿ? ಎರಡು ಹಸು ಇಟ್ಟುಕೊಂಡವರು ಹಾಲು ಮಾರಲಾರರೇ?

ಮಾರಬಹುದು, ಆದರೆ ಡೇರಿಗೆ ಹಾಕುವ ಹಾಲು ಪರೀಕ್ಷೆ ದಾಟಬೇಕು. ಒಕ್ಕೂಟದ ಮಿತಿ: ಪ್ರತಿ ಮಿಲಿಲೀಟರ್ ಹಸಿ ಹಸುವಿನ ಹಾಲಿನಲ್ಲಿ ಬ್ಯಾಕ್ಟೀರಿಯಾ 1,00,000 ಮೀರಬಾರದು, ಸೊಮ್ಯಾಟಿಕ್ ಸೆಲ್ (ಹಸುವಿನ ಮೈಯಿಂದ ಹಾಲಿಗೆ ಸೇರುವ ಜೀವಕೋಶ) 4,00,000 ಮೀರಬಾರದು. ಕರೆದ ಹಾಲನ್ನು ದಿನವೂ ಒಯ್ಯುವುದಾದರೆ ಕೂಡಲೇ 8 ಡಿಗ್ರಿ ಸೆಲ್ಸಿಯಸ್‌ಗೆ, ದಿನ ಬಿಟ್ಟು ಒಯ್ಯುವುದಾದರೆ 6 ಡಿಗ್ರಿಗೆ ತಣಿಸಬೇಕು.

ಬ್ಯಾಕ್ಟೀರಿಯಾ ಲೆಕ್ಕ ಏರುವುದು ಬಹುಮಟ್ಟಿಗೆ ಕ್ಯಾನು ಸರಿಯಾಗಿ ತೊಳೆಯದಿದ್ದಾಗ, ಬೇಸಿಗೆಯಲ್ಲಿ ಹಾಲು ತಣಿಸಲು ತಡವಾದಾಗ. ಸೊಮ್ಯಾಟಿಕ್ ಸೆಲ್ ಏರಿದರೆ ಕೆಚ್ಚಲು ಬಾವು ಎಂದೇ ಅರ್ಥ. ಹೊರಗೆ ಲಕ್ಷಣ ಕಾಣದಿದ್ದರೂ ಒಳಗೆ ಸೋಂಕು ಇರುತ್ತದೆ. ಒಂಟಿ ಮನೆಗೆ ಕೂಲರ್ ಕಟ್ಟುವುದಿಲ್ಲ. ನಮ್ಮ ಹಳ್ಳಿಗಳ ಹಾಲು ಸಂಘಗಳಲ್ಲಿರುವಂಥ ಬಲ್ಕ್ ಮಿಲ್ಕ್ ಕೂಲರ್ ಊರಿಗೊಂದು ಬೇಕು, ಅದಕ್ಕೆ ಮೊದಲು ಸಂಘ ಬೇಕು. ಸೋವಿಯತ್ ಸಾಮೂಹಿಕ ಕೃಷಿಯ ಕಹಿ ನೆನಪಿರುವ ಕಡೆ ‘ಸಂಘ’ ಎಂದೊಡನೆ ರೈತರು ದೂರ ಸರಿಯುತ್ತಾರೆ ಎಂಬುದನ್ನು ಯೋಜನೆ ಬರೆಯುವವರು ಮರೆಯಬಾರದು. ರೊಮೇನಿಯಾ, ಬಲ್ಗೇರಿಯಾ ಎರಡೂ ಹಾಲಿನ ಗುಣಮಟ್ಟಕ್ಕೆ ಕಾಲಾವಕಾಶ ಪಡೆದವು, ಅದು ಸಾಲದೆ ಮತ್ತೆ ವಿಸ್ತರಿಸಿಕೊಂಡವು.

ಮನೆಯಲ್ಲಿ ವೈನ್ ಮಾಡುವುದು ನಿಂತುಹೋಗುತ್ತದೆಯೇ?

ಮಾಲ್ಡೋವಾದಲ್ಲಿ ಇದು ಬಜೆಟ್‌ಗಿಂತ ದೊಡ್ಡ ಪ್ರಶ್ನೆ. ಹಳ್ಳಿಮನೆ ಎಂದರೆ ನೆಲಮಾಳಿಗೆ, ನೆಲಮಾಳಿಗೆ ಎಂದರೆ ಪೀಪಾಯಿ. ಉತ್ತರ: ನಿಲ್ಲುವುದಿಲ್ಲ. ಒಕ್ಕೂಟದಲ್ಲಿ ಹೊಸ ದ್ರಾಕ್ಷಿ ತೋಟಕ್ಕೆ ಅನುಮತಿ ಬೇಕು. ಆದರೆ ಮನೆ ಬಳಕೆಗೆಂದು 0.1 ಹೆಕ್ಟೇರ್‌ವರೆಗೆ, ಅಂದರೆ ಸುಮಾರು 10 ಗುಂಟೆ, ಬೆಳೆದುಕೊಳ್ಳಲು ಯಾರ ಅಪ್ಪಣೆಯೂ ಬೇಡ. ಮಾರುವಂತಿಲ್ಲ, ಅಷ್ಟೆ.

ನಿಜವಾದ ತೊಡಕು ತಳಿಯದು. ಇಸಾಬೆಲ್ಲಾ, ನೋವಾ, ಒಥೆಲ್ಲೊ ಮುಂತಾದ ಆರು ಹೈಬ್ರಿಡ್ ತಳಿಗಳಿಂದ ಮಾರಾಟದ ವೈನ್ ಮಾಡುವುದು ಒಕ್ಕೂಟದಲ್ಲಿ ನಿಷಿದ್ಧ. ಇವು ಅಮೆರಿಕದ ದ್ರಾಕ್ಷಿಯ ರಕ್ತವಿರುವ ಬಳ್ಳಿಗಳು, ರೋಗಕ್ಕೆ ಜಗ್ಗುವುದಿಲ್ಲ, ಔಷಧಿ ಹೊಡೆಯುವ ಖರ್ಚು ಕಡಿಮೆ. ಅದಕ್ಕೇ ಬಡವರ ಹಿತ್ತಲಲ್ಲಿ ಇವೇ ಹೆಚ್ಚು. ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿಯೂ ಲಬ್ರಸ್ಕಾ ಎಂಬ ಇದೇ ಅಮೆರಿಕದ ದ್ರಾಕ್ಷಿಯ ಬಳಗದ್ದು. ಆ ಘಾಟು ವಾಸನೆ ಗೊತ್ತಿದ್ದವರಿಗೆ ಇಸಾಬೆಲ್ಲಾ ಎಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. ರೊಮೇನಿಯಾ ಸೇರುವಾಗ 30,000 ಹೆಕ್ಟೇರ್ ಹೈಬ್ರಿಡ್ ಬಳ್ಳಿ ಕಿತ್ತು ಬೇರೆ ತಳಿ ನೆಡಲು ಹಕ್ಕು ಪಡೆದುಕೊಂಡಿತು. ಹೊಸ ಬಳ್ಳಿ ಫಸಲು ಕೊಡಲು ಮೂರ್ನಾಲ್ಕು ವರ್ಷ. ಆ ಖಾಲಿ ವರ್ಷಗಳ ಆದಾಯ ಎಲ್ಲಿಂದ ಎಂಬುದನ್ನು ಮಾಲ್ಡೋವಾ ಈಗಲೇ ಬರೆದಿಟ್ಟುಕೊಳ್ಳಬೇಕು. ಕ್ರಿಕೋವಾ, ಮಿಲೆಷ್ತಿ ಮಿಚ್ ತರದ ದೊಡ್ಡ ವೈನ್ ಕಂಪನಿಗಳ ನೆಲಮಾಳಿಗೆಗಳಿಗೆ ಈ ಚಿಂತೆಯಿಲ್ಲ, ದೇಶ ಸೇರುವ ಮೊದಲೇ ಅವು ಒಕ್ಕೂಟದ ಮಾರುಕಟ್ಟೆ ಸೇರಿಬಿಟ್ಟಿವೆ.

ಎಲ್ಲರೂ ದೇಶ ಬಿಟ್ಟು ಹೋಗುತ್ತಾರಂತೆ?

ಹೋಗಿ ಆಗಿದೆ. 2014ರ ಜನಗಣತಿಯಲ್ಲಿ ಸುಮಾರು 28 ಲಕ್ಷ ಇದ್ದವರು 2024ರಲ್ಲಿ ಸುಮಾರು 24 ಲಕ್ಷ. ಅಜ್ಜ ಅಜ್ಜಿ 1940ಕ್ಕೆ ಮೊದಲು ರೊಮೇನಿಯಾದ ಪ್ರಜೆಗಳಾಗಿದ್ದರು ಎಂದು ತೋರಿಸಿ ಲಕ್ಷಾಂತರ ಜನ ರೊಮೇನಿಯಾದ ಪಾಸ್‌ಪೋರ್ಟ್ ಪಡೆದಿದ್ದಾರೆ. ಒಕ್ಕೂಟದಲ್ಲಿ ಎಲ್ಲಿ ಬೇಕಾದರೂ ದುಡಿಯುವ ಹಕ್ಕು ಅವರ ಜೇಬಲ್ಲೇ ಇದೆ. ಆದ್ದರಿಂದ ಬಾಗಿಲು ತೆರೆದರೆ ಪ್ರವಾಹ ಬರುತ್ತದೆ ಎಂಬ ಭಯ ಇಲ್ಲಿಗೆ ಅಷ್ಟಾಗಿ ಒಪ್ಪುವುದಿಲ್ಲ.

ಭಯವೇ ಸುಳ್ಳು ಎಂದಲ್ಲ. 1989ರಲ್ಲಿ ಬಲ್ಗೇರಿಯಾದ ಜನಸಂಖ್ಯೆ ಸುಮಾರು 90 ಲಕ್ಷ, 2021ರ ಗಣತಿಯಲ್ಲಿ 65 ಲಕ್ಷ. ಇದು ಸೇರುವ ಎಷ್ಟೋ ಮೊದಲೇ ಶುರುವಾದ ಇಳಿಕೆ, ಹುಟ್ಟು ಕಡಿಮೆಯಾದದ್ದೂ ಕಾರಣ. ಆದರೂ ಸದಸ್ಯತ್ವ ಅದನ್ನು ತಡೆಯಲಿಲ್ಲ. ಮೊದಲು ಕಾಣುವ ಗಾಯ ಆಸ್ಪತ್ರೆಯಲ್ಲಿ: ವೈದ್ಯರ, ದಾದಿಯರ ಪದವಿಗೆ ಒಕ್ಕೂಟದೊಳಗೆ ತಾನಾಗಿ ಮಾನ್ಯತೆ ಸಿಗುತ್ತದೆ, ಒಂದು ಅರ್ಜಿಯಲ್ಲಿ ಕೆಲಸ ಮುಗಿಯುತ್ತದೆ. ಹಳೆಯ ಸದಸ್ಯರೂ ಹೆದರುತ್ತಾರೆ. 2004ರಲ್ಲಿ ಬಂದವರಿಗೆ ಬ್ರಿಟನ್, ಐರ್ಲೆಂಡ್, ಸ್ವೀಡನ್ ತಕ್ಷಣ ಕೆಲಸದ ಬಾಗಿಲು ತೆರೆದವು; ಜರ್ಮನಿ, ಆಸ್ಟ್ರಿಯಾ ಏಳು ವರ್ಷ ಪೂರ್ತಿ ಕಾಯಿಸಿದವು. ಎರಡು, ಮೂರು, ಎರಡು ಎಂದು ಕಂತಿನಲ್ಲಿ ಬರುವ ಈ ಏಳು ವರ್ಷದ ತಡೆ ಮಾಲ್ಡೋವಾಕ್ಕೂ ಬರಬಹುದು.

ಹೊರಗಿನವರು ಬಂದು ಜಮೀನು ಕೊಂಡುಬಿಟ್ಟರೆ?

ಈಗ ವಿದೇಶಿಯರು ಅಲ್ಲಿ ಕೃಷಿಭೂಮಿ ಕೊಳ್ಳುವಂತಿಲ್ಲ. ಕಪ್ಪು ಮಣ್ಣಿನ ಒಳ್ಳೆಯ ಭೂಮಿ, ಬೆಲೆ ಕಡಿಮೆ. ಸೇರಿದ ಮೇಲೆ ಒಕ್ಕೂಟದ ಪ್ರಜೆಗಳನ್ನು ಕೊನೆಯವರೆಗೂ ಹೊರಗಿಡಲಾಗುವುದಿಲ್ಲ, ಆದರೆ ಸಮಯ ಕೇಳಬಹುದು. ರೊಮೇನಿಯಾ, ಬಲ್ಗೇರಿಯಾಕ್ಕೆ ಏಳು ವರ್ಷ ಸಿಕ್ಕಿತು, ಪೋಲೆಂಡ್ ಹಟ ಹಿಡಿದು ಹನ್ನೆರಡು ವರ್ಷ ಪಡೆಯಿತು. ಆ ಅವಧಿಯಲ್ಲಿ ಭೂದಾಖಲೆ ಸರಿಪಡಿಸದಿದ್ದರೆ ಕಾಲಾವಕಾಶ ಪಡೆದೂ ಉಪಯೋಗವಿಲ್ಲ. ತುಂಡು ಹಿಡುವಳಿ, ತೀರಿಕೊಂಡವರ ಹೆಸರಿನ ಖಾತೆ ಎಲ್ಲವೂ ದಲ್ಲಾಳಿಗೆ ಹಬ್ಬ.

ಬೆಲೆ ಏರುತ್ತದೆಯೇ? ಯೂರೋ ತರಲೇಬೇಕೇ?

ಆಹಾರದ ಬೆಲೆ ಸ್ವಲ್ಪ ಕಾಲ ಏರುವುದುಂಟು. ಪೋಲೆಂಡಿನಲ್ಲಿ ಸೇರಿದ ವರ್ಷವಾದ 2004ರಲ್ಲಿ ಹಣದುಬ್ಬರ ಶೇ 3.5 ಇದ್ದದ್ದು 2005ರಲ್ಲಿ ಶೇ 2.1ಕ್ಕೆ ಇಳಿಯಿತು. ತೆರಿಗೆಯಿಂದ ಏರುವ ಎರಡು ಬಾಬು ಮಾತ್ರ ಖಚಿತ. ಸಿಗರೇಟಿನ ಮೇಲೆ ಅಬಕಾರಿ ಸುಂಕ ಸರಾಸರಿ ಮಾರಾಟ ಬೆಲೆಯ ಶೇ 60, ಮತ್ತು ಸಾವಿರಕ್ಕೆ 90 ಯೂರೋಗಿಂತ ಕಡಿಮೆ ಇರಬಾರದು. ಪೆಟ್ರೋಲ್‌ಗೆ ಸಾವಿರ ಲೀಟರ್‌ಗೆ ಕನಿಷ್ಠ 359 ಯೂರೋ, ಡೀಸೆಲ್‌ಗೆ 330. ವ್ಯಾಟ್ ಚಿಂತೆ ಬೇಡ. ಒಕ್ಕೂಟದ ಕನಿಷ್ಠ ಶೇ 15, ಮಾಲ್ಡೋವಾದಲ್ಲಿ ಈಗಾಗಲೇ ಶೇ 20 ಇದೆ. ಇದಲ್ಲದೆ 90 ದಿನದ ಆಮದಿಗೆ ಸಮನಾದ ತೈಲ ದಾಸ್ತಾನು ಇಡಬೇಕು. ಟ್ಯಾಂಕ್ ಕಟ್ಟುವ, ತುಂಬುವ ಖರ್ಚು ಕೊನೆಗೆ ಬಂಕ್‌ನ ಬೆಲೆಯಲ್ಲೇ ಬರುತ್ತದೆ.

ಯೂರೋ ತರುವ ಬಾಧ್ಯತೆ ಇದೆ, ಗಡುವು ಇಲ್ಲ. ಮೊದಲು ಸ್ವಂತ ನಾಣ್ಯದ ಬೆಲೆಯನ್ನು ಯೂರೋಗೆ ಕಟ್ಟಿಡುವ ವಿನಿಮಯ ದರ ವ್ಯವಸ್ಥೆಯಲ್ಲಿ ಕನಿಷ್ಠ ಎರಡು ವರ್ಷ ಕಳೆಯಬೇಕು, ಕೊರತೆ ಜಿಡಿಪಿಯ ಶೇ 3ರೊಳಗೆ, ಸಾಲ ಶೇ 60ರೊಳಗೆ ಇರಬೇಕು. 2007ರಲ್ಲಿ ಸೇರಿದ ಬಲ್ಗೇರಿಯಾಕ್ಕೆ ಯೂರೋ ಬಂದದ್ದು 2026ರ ಜನವರಿ 1ರಂದು. ಬಡ ದೇಶ ಆತುರಪಡಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಬಿಕ್ಕಟ್ಟು ಬಂದಾಗ ಸ್ವಂತ ನಾಣ್ಯದ ಬೆಲೆ ಇಳಿಸಿ ಉಸಿರಾಡುವ ದಾರಿ ಗ್ರೀಸ್‌ಗೆ ಇರಲಿಲ್ಲ, ಪೋಲೆಂಡ್‌ಗೆ ಇತ್ತು.

ಟ್ರಾನ್ಸ್‌ನಿಸ್ಟ್ರಿಯಾ ಬಿಡಿಸಿಕೊಳ್ಳದೆ ಸೇರಲು ಸಾಧ್ಯವೇ?

ಕಾನೂನಿನಲ್ಲಿ ಸಾಧ್ಯ. ನಿಸ್ಟರ್ ನದಿಯ ಎಡದಂಡೆಯ ಈ ಪಟ್ಟಿ 1992ರ ಯುದ್ಧದಿಂದ ರಾಜಧಾನಿ ಕಿಶಿನೌದ ಸರ್ಕಾರದ ಹಿಡಿತದಲ್ಲಿಲ್ಲ; ರಷ್ಯಾದ ಸುಮಾರು 1,500 ಸೈನಿಕರು ಇದ್ದಾರೆ. ಸೈಪ್ರಸ್ 2004ರಲ್ಲಿ ಇಬ್ಭಾಗವಾಗಿಯೇ ಸೇರಿತು. ಇಡೀ ದ್ವೀಪ ಸದಸ್ಯ, ಉತ್ತರ ಭಾಗದಲ್ಲಿ ಒಕ್ಕೂಟದ ಕಾನೂನು ಅಮಾನತು. ಅದೇ ಮಾದರಿ ಇಲ್ಲಿಗೂ ಬರಬಹುದು, ಆದರೆ ಸೈಪ್ರಸ್ ಜಗಳ ಇಂದಿಗೂ ಬಗೆಹರಿದಿಲ್ಲ ಎಂಬುದನ್ನು ನೆನಪಿಡಬೇಕು.

ಗಂಟು ಸಡಿಲಾಗುತ್ತಿರುವುದು ಗ್ಯಾಸ್‌ನಿಂದ. ರಷ್ಯಾದ ಅನಿಲ ಎಡದಂಡೆಗೆ ಪುಕ್ಕಟೆಯಂತೆ ಬರುತ್ತಿತ್ತು. ಅದನ್ನು ಕುಚುರ್ಗಾನ್ ಸ್ಥಾವರದಲ್ಲಿ ಉರಿಸಿ ಮಾಡಿದ ವಿದ್ಯುತ್ತನ್ನೇ ಬಲದಂಡೆ ಬಹುಪಾಲು ಕೊಳ್ಳುತ್ತಿತ್ತು. ಉಕ್ರೇನ್ ಮೂಲಕ ಅನಿಲ ಸಾಗಣೆ 2025ರ ಜನವರಿ 1ರಂದು ನಿಂತಾಗ ಎಡದಂಡೆಯ ಮನೆಗಳು ನಡುಚಳಿಗಾಲದಲ್ಲಿ ತಣ್ಣಗಾದವು, ಬಲದಂಡೆಯಲ್ಲಿ ಕರೆಂಟ್ ಬಿಲ್ ಏರಿತು. ಆದರೆ ಕತ್ತಲಾಗಲಿಲ್ಲ. 2022ರ ಮಾರ್ಚ್ 16ರಂದೇ ಮಾಲ್ಡೋವಾದ ಗ್ರಿಡ್ ಯುರೋಪಿನ ಗ್ರಿಡ್‌ಗೆ ಜೋಡಿಯಾಗಿತ್ತು, ರೊಮೇನಿಯಾದಿಂದ ವಿದ್ಯುತ್ ಬಂತು.

ನ್ಯಾಟೊ ಸೇರಿದಂತೆ ಆಗುವುದಿಲ್ಲವೇ?

ಇಲ್ಲ. ಮಾಲ್ಡೋವಾ ತಟಸ್ಥ ದೇಶವೆಂದು ಅದರ ಸಂವಿಧಾನದ 11ನೇ ವಿಧಿ ಹೇಳುತ್ತದೆ. ಆಸ್ಟ್ರಿಯಾ, ಐರ್ಲೆಂಡ್, ಮಾಲ್ಟಾ ತಟಸ್ಥವಾಗಿದ್ದೇ ಒಕ್ಕೂಟದಲ್ಲಿವೆ.

ಭ್ರಷ್ಟ ದೇಶ ಸೇರಿದರೆ ಸರಿಹೋಗುತ್ತದೆಯೇ?

ಸೇರುವ ಮೊದಲು ಸರಿಹೋದಷ್ಟೇ ಸರಿ. ಆಮೇಲೆ ಹಗ್ಗ ಸಡಿಲವಾಗುತ್ತದೆ. 2014ರಲ್ಲಿ ಮಾಲ್ಡೋವಾದ ಮೂರು ಬ್ಯಾಂಕುಗಳಿಂದ ಸುಮಾರು 100 ಕೋಟಿ ಡಾಲರ್ ಮಾಯವಾಯಿತು, ಜಿಡಿಪಿಯ ಸುಮಾರು ಶೇ 12. ಆ ತೂತನ್ನು ಸರ್ಕಾರ 25 ವರ್ಷದ ಬಾಂಡ್‌ಗಳಿಂದ ಮುಚ್ಚಿತು, ಅಂದರೆ ಇಂದಿನ ಶಾಲಾ ಮಕ್ಕಳೂ ತೀರಿಸುತ್ತಾರೆ. ಈ ಪ್ರಕರಣದಲ್ಲಿ ಉದ್ಯಮಿ ರಾಜಕಾರಣಿ ಇಲಾನ್ ಶೋರ್‌ಗೆ 2023ರಲ್ಲಿ ಅವನ ಗೈರಿನಲ್ಲೇ 15 ವರ್ಷ ಶಿಕ್ಷೆಯಾಯಿತು.

ಈಗ ನ್ಯಾಯಾಧೀಶರ ಆಸ್ತಿ ಮತ್ತು ನಡತೆಯ ತಪಾಸಣೆ ನಡೆಯುತ್ತಿದೆ. ಅದರ ಅಡ್ಡ ಪರಿಣಾಮವೂ ಇದೆ: ತಪಾಸಣೆ ತಪ್ಪಿಸಿಕೊಳ್ಳಲು ರಾಜೀನಾಮೆ ಕೊಟ್ಟವರಿಂದ ಪೀಠಗಳು ಖಾಲಿಯಾಗಿ ಮೊಕದ್ದಮೆಗಳು ಕೊಳೆಯುತ್ತವೆ. ರೊಮೇನಿಯಾ, ಬಲ್ಗೇರಿಯಾ ಅರೆಬೆಂದಂತೆ ಒಳಹೋದವು. ಅವುಗಳ ಮೇಲಿನ ವಿಶೇಷ ನಿಗಾ ಮುಗಿದದ್ದು 2023ರಲ್ಲಿ, ರಸ್ತೆ ಗಡಿಯ ಷೆಂಗೆನ್ ತಪಾಸಣೆ ತೆಗೆದದ್ದು 2025ರ ಜನವರಿ 1ರಂದು. ಹದಿನೆಂಟು ವರ್ಷ ಗಡಿಯಲ್ಲಿ ಲಾರಿಗಳು ಸಾಲುಗಟ್ಟಿದ್ದವು.

ಸೇರಿದವರು ನಿಜವಾಗಿ ಮುಂದೆ ಬಂದಿದ್ದಾರೆಯೇ?

2007ರಲ್ಲಿ ರೊಮೇನಿಯಾದ ತಲಾ ಜಿಡಿಪಿ, ಖರೀದಿ ಶಕ್ತಿಯಲ್ಲಿ, ಒಕ್ಕೂಟದ ಸರಾಸರಿಯ ಸುಮಾರು ಶೇ 44. 2023ರಲ್ಲಿ ಶೇ 80ರ ಆಸುಪಾಸು. ಪೋಲೆಂಡ್ ಅರ್ಧದಿಂದ ಶುರುಮಾಡಿ ಹೆಚ್ಚುಕಡಿಮೆ ಅಲ್ಲಿಗೇ ಬಂದಿದೆ. ಈ ಸರಾಸರಿಯೊಳಗೆ ಬುಖಾರೆಸ್ಟ್‌ನ ಗಾಜಿನ ಕಟ್ಟಡಗಳೂ ಇವೆ, ಅದೇ ದೇಶದಲ್ಲಿ ಚರಂಡಿ ಕಾಣದ ಹಳ್ಳಿಗಳೂ ಇವೆ. 2,000 ಜನಸಂಖ್ಯೆ ಮೀರಿದ ಊರಿಗೆಲ್ಲ ಒಳಚರಂಡಿ ಮತ್ತು ಶುದ್ಧೀಕರಣ ಎಂಬ ನಿಯಮಕ್ಕೆ ರೊಮೇನಿಯಾ 2018ರವರೆಗೆ ಸಮಯ ಪಡೆದಿತ್ತು, ಆದರೂ ಮುಗಿಸಲಾಗಲಿಲ್ಲ. ಮಾಲ್ಡೋವಾದ ಅತಿ ದುಬಾರಿ ಅಧ್ಯಾಯ ಪರಿಸರದ್ದೇ ಆಗಲಿದೆ. ಸ್ಥಾವರ ಕಟ್ಟಲು ದುಡ್ಡು ಸಿಗುತ್ತದೆ. ಆಮೇಲೆ ನಡೆಸುವ ಖರ್ಚನ್ನು ನೀರಿನ ಬಿಲ್ಲಿನಲ್ಲಿ ವಸೂಲು ಮಾಡಬೇಕು, ಖಾಲಿಯಾಗುತ್ತಿರುವ ಊರಿನಲ್ಲಿ ಬಿಲ್ಲು ಕಟ್ಟುವವರು ಎಷ್ಟು ಮಂದಿ ಉಳಿದಿರುತ್ತಾರೆ ಎಂದು ಎಣಿಸಿ ಗಾತ್ರ ನಿರ್ಧರಿಸಬೇಕು.

ನಾರ್ವೆಯ ಹಾಗೆ ಹೊರಗಿದ್ದೇ ವ್ಯಾಪಾರ ಮಾಡಬಾರದೇ?

ನಾರ್ವೆ ಎರಡು ಸಲ, 1972 ಮತ್ತು 1994ರಲ್ಲಿ, ಜನಮತದಲ್ಲಿ ಬೇಡವೆಂದಿತು. ಆದರೂ ಒಕ್ಕೂಟದ ಮಾರುಕಟ್ಟೆ ನಿಯಮಗಳನ್ನು ಪಾಲಿಸುತ್ತದೆ, ಹಣವನ್ನೂ ಕೊಡುತ್ತದೆ, ನಿಯಮ ಬರೆಯುವಾಗ ಮಾತ್ರ ಅದಕ್ಕೆ ಮತವಿಲ್ಲ. ತೈಲ ಸಂಪತ್ತಿನ ಮೇಲೆ ಕೂತವರಿಗೆ ಅದು ನಡೆಯುತ್ತದೆ. ಬಡ ದೇಶಕ್ಕೆ ಆ ದಾರಿಯಲ್ಲಿ ನಿಯಮ ಪಾಲಿಸುವ ಖರ್ಚು ಮಾತ್ರ ಸಿಗುತ್ತದೆ, ಖರ್ಚಿಗೆ ನೆರವು ಸಿಗುವುದಿಲ್ಲ. ಒಳಗಿದ್ದರೆ ಚಿಕ್ಕ ದೇಶಕ್ಕೂ ಧ್ವನಿಯಿದೆ: ಲಾಟ್ವಿಯಾ, ಸ್ಲೊವೇನಿಯಾಕ್ಕೆ ಐರೋಪ್ಯ ಸಂಸತ್ತಿನಲ್ಲಿ 9 ಸ್ಥಾನ, ಲಿಥುವೇನಿಯಾಕ್ಕೆ 11. ಮಾಲ್ಡೋವಾದ ಗಾತ್ರವೂ ಅದೇ ಸುಮಾರಿನದು. ಒಳಗೆ ಹೋಗಿ ಸರಿಬರದಿದ್ದರೆ 50ನೇ ವಿಧಿಯಂತೆ ಹೊರಬರಲೂಬಹುದು. ಬ್ರಿಟನ್ 2020ರ ಜನವರಿ 31ರಂದು ಬಂದಿತು.

ಕಿಶಿನೌದಲ್ಲಿ ಎಂಬಿಬಿಎಸ್ ಓದುವ ನಮ್ಮ ಮಕ್ಕಳಿಗೆ ಏನು ಬದಲಾಗುತ್ತದೆ?

ಭಾರತದ ಸಾಕಷ್ಟು ವಿದ್ಯಾರ್ಥಿಗಳು ಅಲ್ಲಿನ ಸರ್ಕಾರಿ ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ಓದುತ್ತಾರೆ, ಆದ್ದರಿಂದ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಭಾರತಕ್ಕೆ ಮರಳಿ ವೃತ್ತಿ ನಡೆಸುವವರಿಗೆ ಏನೂ ಬದಲಾಗುವುದಿಲ್ಲ: 2021ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮದಂತೆ ಕನಿಷ್ಠ 54 ತಿಂಗಳ ಓದು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್, ಇಂಗ್ಲಿಷ್ ಮಾಧ್ಯಮ, ಆಮೇಲೆ ಇಲ್ಲಿನ ಪರೀಕ್ಷೆ. ಒಕ್ಕೂಟದ ನಿಯಮವೂ ವೈದ್ಯ ಪದವಿಗೆ ಕನಿಷ್ಠ 5 ವರ್ಷ ಮತ್ತು 5,500 ಗಂಟೆ ಕೇಳುತ್ತದೆ; ಆದರೆ ತಾನಾಗಿ ಸಿಗುವ ಮಾನ್ಯತೆ ಮುಖ್ಯವಾಗಿ ಒಕ್ಕೂಟದ ಪ್ರಜೆಗಳಿಗೆ. ಭಾರತೀಯ ಪಾಸ್‌ಪೋರ್ಟ್ ಇದ್ದವರು ಆಯಾ ದೇಶದ ನಿಯಮ, ಭಾಷಾ ಪರೀಕ್ಷೆ, ಕೆಲಸದ ಪರವಾನಗಿ ಎಲ್ಲವನ್ನೂ ಬೇರೆಯಾಗಿ ದಾಟಬೇಕು. ‘ಮಾಲ್ಡೋವಾ ಒಕ್ಕೂಟ ಸೇರಲಿದೆ, ಪದವಿ ಮುಗಿದೊಡನೆ ಜರ್ಮನಿಯಲ್ಲಿ ಕೆಲಸ’ ಎಂದು ಹೇಳಿ ಫೀಸು ಕೇಳುವ ಏಜೆಂಟರಿದ್ದರೆ ಅದನ್ನು ಬರವಣಿಗೆಯಲ್ಲಿ ಕೊಡಿ ಎಂದು ಕೇಳಿ ನೋಡಿ.